ರಬ್ಬರ್ ಅಚ್ಚಿನಲ್ಲಿ ಒಬ್ಬನ ಗಂಟೆ

ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಒಂದು ನಿಯಮವಿತ್ತು. ವರದಿಗಾರರು ತಮ್ಮ ಮನೆಯವರ ಬಗ್ಗೆ ಬರೆಯುವಂತಿಲ್ಲ. ಹೊಗಳಿಯೂ ಇಲ್ಲ, ತೆಗಳಿಯೂ ಇಲ್ಲ. ಕೊಟ್ಟೂರಿನಿಂದ ಸುದ್ದಿ ಕಳಿಸುತ್ತಿದ್ದ ವರ್ಷಗಳಲ್ಲಿ ನಾನು ಅದನ್ನು ಪಾಲಿಸಿದೆ. ಹಾಗಾಗಿ ಕಾನಹೊಸಹಳ್ಳಿ ಆಚೆಯ ಕೆರೆಯಂಗಳದಲ್ಲಿ ನಡೆದದ್ದು ಎಲ್ಲೂ ಅಚ್ಚಾಗಲಿಲ್ಲ. ಈಗ ನಾನು ಪತ್ರಿಕೆಯಲ್ಲಿಲ್ಲ. ಸಿಟ್ಟು ಮಾತ್ರ ಇದ್ದ ಹಾಗೇ ಇದೆ. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ.

ನಮ್ಮದು ಎರಕದ ಮನೆ. ಮುಂದೆ ಪಡಸಾಲೆ, ಹಿಂದೆ ಹಿತ್ತಲು, ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಕುಲುಮೆ. ಅಪ್ಪ ಇದ್ದಾಗ ಪೂಜೆಯ ಗಂಟೆ, ಎತ್ತಿನ ಕೊರಳಗಂಟೆ, ಎಲ್ಲಕ್ಕಿಂತ ಹೆಚ್ಚಾಗಿ ಕುರಿ ಹಿಂಡಿನ ಗಂಟೆಗಳನ್ನು ಮಾಡುತ್ತಿದ್ದ. ಬೆಂಕಿ ಅಪ್ಪನದು, ಮೇಣ ಅವ್ವನದು. ಅವ್ವ ಜೇನುಮೇಣಕ್ಕೆ ರಾಳ ಬೆರೆಸಿ ಕಾಸಿ, ಎಣ್ಣೆ ಸವರಿದ, ಗಂಟೆಯಾಕಾರದ ಮರದ ಬುರುಡೆಯ ಮೇಲೆ ಹಾಳೆಯಂತೆ ಹೊದಿಸಿ, ಆರಿದ ಮೇಲೆ ಬಿಡಿಸಿಕೊಳ್ಳುತ್ತಿದ್ದಳು. ಆಮೇಲೆ ಬಾಯಂಚನ್ನು ಒಳಗಿನಿಂದ ಹೆಬ್ಬೆರಳಲ್ಲಿ ಒತ್ತಿ ಬೇಕಾದಷ್ಟು ತೆಳ್ಳಗೆ ಮಾಡುತ್ತಿದ್ದಳು. ಆ ಮೇಣದ ಗಂಟೆಗೆ ಒಳಗೂ ಹೊರಗೂ ಅಪ್ಪ ಮಣ್ಣು ಮೆತ್ತಿ, ಒಣಗಿಸಿ, ಸುಟ್ಟು, ಮೇಣ ಕರಗಿ ಹರಿದುಹೋದ ಜಾಗಕ್ಕೆ ಕಂಚು ಹೊಯ್ಯುತ್ತಿದ್ದ. ಒಂದು ಗಂಟೆಗೆ ಒಂದು ಮೇಣ, ಒಂದು ಮಣ್ಣಿನ ಅಚ್ಚು. ಕಂಚು ಹೊಯ್ದ ಮೇಲೆ ಅಚ್ಚನ್ನು ಒಡೆಯಲೇಬೇಕು.

ಕುರಿಗಾಹಿಗಳು ಬಂದು ಪಡಸಾಲೆಯಲ್ಲಿ ಕೂತು ತಮಗೆ ಬೇಕಾದ ದನಿಯನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದರು.

“ಟಣ್ ಅನ್ನೋದು ಬ್ಯಾಡವ್ವ, ಪಕ್ಕದ ಹಿಂಡಿಂದು ಹಂಗ ಐತಿ. ನಂದು ಡೊಣ್ಣಂತ ಅನ್ಬೇಕು.”

“ಹೊಟ್ಟಿ ತುಂಬಿದ ಡೊಣ್ಣೋ, ಹಸದ ಡೊಣ್ಣೋ?” ಎಂದು ಅವ್ವ ಕೇಳುತ್ತಿದ್ದಳು.

ಇದು ತಮಾಷೆಯಾಗಿತ್ತು, ಕೆಲಸವೂ ಆಗಿತ್ತು. ಒಂದೊಂದು ಹಿಂಡಿನ ಗಂಟೆಯ ದನಿ ಬೇರೆಯಾಗಿರಬೇಕಿತ್ತು. ಸುಗ್ಗಿ ಮುಗಿದ ಮೇಲೆ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿ ರಾತ್ರಿ ನಿಲ್ಲಿಸುವಾಗ ನಾಲ್ಕಾರು ಹಿಂಡುಗಳು ಒಂದೇ ಬಯಲಿನಲ್ಲಿರುತ್ತವೆ. ಕುರಿ ತನ್ನ ಹಿಂಡಿನ ಗಂಟೆಯ ಹಿಂದೆ ಹೋಗುತ್ತದೆ. ಕುರಿಗಳಿಗೆ ಕಿವಿ ಸೀಳಿದ ಗುರುತೂ ಇರುತ್ತದೆ. ಆದರೆ ಹಿಂಡಿನ ಮುಂದೆ ನಡೆಯುವ ಹೋತಕ್ಕೆ ಆ ಗುರುತಿಲ್ಲ. ಅದು ದೇವಿಗೆ ಬಿಟ್ಟ ಹೋತ, ಅದರ ಮೈಗೆ ಕಬ್ಬಿಣ ತಾಗಿಸುವಂತಿಲ್ಲ. ಅದರ ಕೊರಳ ಗಂಟೆಯೇ ಅದರ ಗುರುತು.

ಅಂಥ ಹೋತ ಯಾರದೆಂಬ ಜಗಳ ಬಂದರೆ ಹಿರಿಯರು ಗಂಟೆ ಕೇಳಿಸುತ್ತಿದ್ದರು. ಕಂಬಳಿಯನ್ನು ಅಡ್ಡ ಹಿಡಿದು, ಅದರ ಹಿಂದೆ ಆ ಹೋತದ ಗಂಟೆಯನ್ನೂ ಬೇರೆ ಹಿಂಡುಗಳ ಗಂಟೆಗಳನ್ನೂ ಒಂದೊಂದಾಗಿ ಬಾರಿಸುವುದು. ತನ್ನದನ್ನು ಗುರುತಿಸಿದವನು ಹೋತದ ಯಜಮಾನ. ಗುರುತಿಸದವನು ಕಳ್ಳ. ಕಳ್ಳನೆನಿಸಿಕೊಂಡವನ ಹಿಂಡನ್ನು ಆ ಸೀಮೆಯಲ್ಲಿ ಯಾರೂ ಹೊಲಕ್ಕೆ ಕರೆಯುವುದಿಲ್ಲ, ಬೇರೆ ಕುರಿಗಾಹಿಗಳು ಅವನ ಪಕ್ಕ ಹಟ್ಟಿ ಹಾಕುವುದಿಲ್ಲ. ಗಂಟೆ ಮಾಡಿದವರನ್ನೂ ಕರೆಸಿ ಕೂರಿಸುವುದು ರೂಢಿ. ಅಪ್ಪ ಹೀಗೆ ಹೋಗಿ ಬಂದದ್ದನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಯಾರೂ ತಮ್ಮ ಗಂಟೆಯನ್ನು ತಪ್ಪಿದ್ದನ್ನು ಕೇಳಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಕುಲುಮೆ ಅಣ್ಣನ ಕೈಗೆ ಬಂತು. ಅಣ್ಣ ದಡ್ಡನಲ್ಲ, ಸೋಮಾರಿಯೂ ಅಲ್ಲ. ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಬೆಂಗಳೂರಿನ ಆಭರಣ ಕೆಲಸದವರ ಹತ್ತಿರ ಹೋಗಿ ಬಂದು ಅವನು ಹಿತ್ತಲನ್ನೇ ಬದಲಾಯಿಸಿದ. ಕರೆಂಟಿನ ಒಲೆ ಬಂತು. ಹಳೆ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ ಗಾಳಿ ಎಳೆಯುವ ಪಂಪು ಮಾಡಿಕೊಂಡ. ಮಣ್ಣಿನ ಬದಲು ಗಾರೆಯಂಥ ಬಿಳಿ ಪುಡಿ. ಅದನ್ನು ನೀರಿನಲ್ಲಿ ಕಲಸಿ ಉಕ್ಕಿನ ಡಬ್ಬಿಗೆ ಸುರಿದು, ಪಂಪಿನಿಂದ ಗುಳ್ಳೆ ತೆಗೆದರೆ ಕೂದಲೆಳೆಯಷ್ಟು ಗೆರೆಯನ್ನೂ ಅಚ್ಚು ಹಿಡಿಯುತ್ತಿತ್ತು. ಕೆಲಸ ಚೆನ್ನಾಗಿತ್ತು. ಅದನ್ನು ಇಲ್ಲವೆನ್ನುವುದಿಲ್ಲ.

ಆ ಹೊತ್ತಿಗೆ ಕೂಡ್ಲಿಗಿ ಕಡೆಯ ಒಬ್ಬ ಕುರಿಗಾಹಿ ನಮ್ಮಲ್ಲಿಗೆ ಬಂದ. ನಲವತ್ತರ ಆಸುಪಾಸು, ಮಾತು ಕಡಿಮೆ. ಕೈಯಲ್ಲಿ ಬಿರುಕು ಬಿಟ್ಟ ಗಂಟೆ. ಅವನ ತಂದೆಗೆ ನಮ್ಮ ಅಪ್ಪ ಅವ್ವ ಮದುವೆಯಾದ ಹೊಸತರಲ್ಲಿ ಮಾಡಿಕೊಟ್ಟದ್ದು. ಅವ್ವ ಅದರ ಒಳಗೆ ಹೆಬ್ಬೆರಳಿಟ್ಟು ನೋಡಿದಳು. ಬಾಯಂಚಿನ ಒಳಗೆ ಓರೆಯಾಗಿ ಒತ್ತಿದ ಒಂದು ಗುಳಿ, ಅದರಲ್ಲಿ ಅವಳ ಬೆರಳು ಇನ್ನೂ ಸರಿಯಾಗಿ ಕೂರುತ್ತಿತ್ತು.

“ಇದ ದನಿ ಬರ್ಬೇಕ್ರಿ ಅಣ್ಣಾರ,” ಎಂದ ಅವನು. “ನಮ್ಮ ಕುರಿ ಇದರ ಹಿಂದ ಹುಟ್ಟಿ ಬೆಳದಾವ. ಬ್ಯಾರೆ ದನಿ ಕೇಳಿದ್ರ ನಿಂತು ಮಕ ನೋಡ್ತಾವ.”

“ಅದನ್ನ ಹಂಗ ಕೊಡ್ತೀನಿ. ಕೂದಲೆಳಿ ವ್ಯತ್ಯಾಸ ಬರಾಂಗಿಲ್ಲ,” ಎಂದ ಅಣ್ಣ.

ಅಣ್ಣ ಆ ಗಂಟೆಯನ್ನು ಬೆಂಗಳೂರಿಗೆ ಒಯ್ದ. ಅಲ್ಲಿ ಅದನ್ನು ಯಂತ್ರದ ಕೆಳಗಿಟ್ಟು ಅಳತೆ ತೆಗೆದು, ಕಂಪ್ಯೂಟರಿನಲ್ಲಿ ಬಿರುಕು ಮುಚ್ಚಿ, ರೆಸಿನ್‌ನಲ್ಲಿ ನಾಲ್ಕು ಪ್ರತಿ ಪ್ರಿಂಟ್ ಮಾಡಿಕೊಟ್ಟರು. ಕಂಚು ಆರಿದಾಗ ಕುಗ್ಗುವಷ್ಟನ್ನು ಲೆಕ್ಕ ಹಾಕಿ ಮೊದಲೇ ಒಂದಿಷ್ಟು ಹಿಗ್ಗಿಸಿದ್ದರು. ಕಂಪ್ಯೂಟರ್ ಮುಂದೆ ಕೂತವನು ಒಳಗಿನ ಗುಳಿಯನ್ನೂ ಅಳಿಸಲೇ ಎಂದು ಕೇಳಿದನಂತೆ. ಇರಲಿ, ಅದು ನಮ್ಮವ್ವನದು ಎಂದನಂತೆ ಅಣ್ಣ. ಮನೆಗೆ ಬಂದು ಇದನ್ನು ಅವನೇ ನಗುತ್ತಾ ಹೇಳಿದ. ಅವ್ವನೂ ನಕ್ಕಳು.

ರೆಸಿನ್ ಗಂಟೆ ಜೇನಿನ ಬಣ್ಣದ್ದು, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥದ್ದು. ಮೊದಲನೆಯದನ್ನು ಅಣ್ಣ ಮೇಣದಂತೆಯೇ ಸುಟ್ಟ. ರೆಸಿನ್ ಕರಗಿ ಹರಿಯುವುದಿಲ್ಲ, ಉಬ್ಬುತ್ತದೆ. ಅಚ್ಚು ಒಳಗೇ ಸೀಳಿ ಕಂಚು ಆ ಸೀಳುಗಳಿಗೆಲ್ಲ ನುಗ್ಗಿ, ಗಂಟೆ ಮೀನಿನ ರೆಕ್ಕೆ ಬಂದಂತೆ ಹೊರಬಿತ್ತು. ಎರಡನೆಯದರಲ್ಲಿ ಬೂದಿ ಒಳಗೇ ಉಳಿದು ಮೈತುಂಬ ತೂತು. ಮೂರನೆಯದನ್ನು ನಿಧಾನ ಕಾಯಿಸಿ ಕಾಯಿಸಿ, ಬೂದಿಯನ್ನು ಊದಿ ತೆಗೆದು ಗೆದ್ದ. ಬಾರಿಸಿದಾಗ ಅವ್ವ ಅಡುಗೆಮನೆಯಿಂದ ಎದ್ದು ಬಂದಳು. ಹಳೆ ಗಂಟೆಯ ದನಿಯೇ, ಬಿರುಕು ಬಿಡುವುದಕ್ಕೆ ಮುಂಚಿನದು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಉಳಿದಿದ್ದ ನಾಲ್ಕನೆಯ ರೆಸಿನ್ ಗಂಟೆಯ ಮೇಲೆ ಅಣ್ಣ ರಬ್ಬರ್ ಅಚ್ಚು ತೆಗೆದ. ರಬ್ಬರ್ ಅಚ್ಚನ್ನು ಒಡೆಯಬೇಕಾಗಿಲ್ಲ. ಅದಕ್ಕೆ ಮೇಣ ತುಂಬಿ ತೆಗೆಯುತ್ತಾ ಹೋಗಬಹುದು, ಪ್ರತಿಯೊಂದೂ ಅದೇ ಗಂಟೆ. ಆ ಮೇಣದ ಗಂಟೆಗಳನ್ನು ಒಂದು ಮೇಣದ ಕಾಂಡಕ್ಕೆ ಸುತ್ತ ಅಂಟಿಸಿ ಗಿಡದ ಹಾಗೆ ಮಾಡಿ, ಇಡೀ ಗಿಡವನ್ನು ಒಂದೇ ಸಲ ಎರೆಯುತ್ತಿದ್ದ. ಅವುಗಳಲ್ಲಿ ಒಂದನ್ನು ಕೂಡ್ಲಿಗಿಯವನಿಗೆ ಕೊಟ್ಟ. ಅವನು ಕಿವಿಯ ಹತ್ತಿರ ಬಾರಿಸಿ, ಕಣ್ಣು ಮುಚ್ಚಿ ಕೇಳಿ, ಇದ ನೋಡ್ರಿ, ಇದ ಎಂದು ಸಂತೋಷದಿಂದ ಒಯ್ದ. ಉಳಿದವು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸಂತೆಗಳಿಗೆ ಹೋದವು. ಹರಪನಹಳ್ಳಿ ಕಡೆಯ ಅರಸೀಕೆರೆಯಿಂದಲೂ ಜನ ಹುಡುಕಿಕೊಂಡು ಬಂದರು. ದನಿ ಅಷ್ಟು ಚೆನ್ನಾಗಿತ್ತು. ಮೊದಲು ಬೇರೆ ದನಿ ಬೇಕೆನ್ನುತ್ತಿದ್ದ ಜನ ಈಗ, “ಆ ಹೊಸಾ ಗಂಟಿ ಐತೆಲ್ಲ, ಅದ ಕೊಡ್ರಿ,” ಎಂದು ಕೇಳತೊಡಗಿದರು.

ಅವ್ವ ಒಂದು ದಿನ ಊಟಕ್ಕೆ ಬಡಿಸುತ್ತಾ ಅಣ್ಣನಿಗೆ ಹೇಳಿದಳು. “ಅದು ಅವನ ಗಂಟಿ. ಎಲ್ಲಾರಿಗೂ ಯಾಕ ಕೊಡಾಕತ್ತಿ?”

“ಅವನು ದನಿಗೆ ಪಟ್ಟಾ ಮಾಡ್ಸ್ಯಾನೇನವ್ವ?”

“ಕುರಿ ಕೂಡಿದಾಗ ಏನು ಮಾಡ್ತಾರ?”

“ಕಿವಿ ಗುರ್ತು ಐತೆಲ್ಲ.”

“ಹೋತಕ್ಕ?”

ಅಣ್ಣ ಮಜ್ಜಿಗೆ ಕೇಳಿದ. ಆ ಮಾತು ಅಲ್ಲಿಗೆ ಮುಗಿಯಿತು. ನನ್ನ ಸಿಟ್ಟು ಅಂದಿನಿಂದ ಶುರುವಾಗುತ್ತದೆ, ಏಕೆಂದರೆ ಅವನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪ್ರಶ್ನೆ ಅವನ ತಟ್ಟೆಯ ಮುಂದೆ ಬಂದಿತ್ತು.

ಮುಂಗಾರಿನ ಮೊದಲ ಬಿರುಗಾಳಿ ಎದ್ದ ಒಂದು ಸಂಜೆ ಕಾನಹೊಸಹಳ್ಳಿ ಆಚೆಯ ಹೊಲಗಳಲ್ಲಿ ಎರಡು ಹಿಂಡುಗಳು ಕೂಡಿದವು. ಒಂದು ಈ ಕೂಡ್ಲಿಗಿಯವನದು. ಇನ್ನೊಂದು ಹರಪನಹಳ್ಳಿ ಕಡೆಯ ಒಬ್ಬ ಯಜಮಾನನ ದೊಡ್ಡ ಹಿಂಡು, ಅದನ್ನು ಕಾಯುವವನು ಅವನ ಆಳು. ಎರಡರ ಮುಂದೆಯೂ ಕರಿ ಹೋತ, ಎರಡರ ಕೊರಳಲ್ಲೂ ನಮ್ಮ ಮನೆಯ ಗಂಟೆ. ಕುರಿಗಳು ದಿಕ್ಕು ತಿಳಿಯದೆ ಈ ಗಂಟೆಗೂ ಆ ಗಂಟೆಗೂ ಓಡಿದವಂತೆ. ಬೆಳಿಗ್ಗೆ ಕಿವಿ ನೋಡಿ ಕುರಿಗಳನ್ನು ಬೇರ್ಪಡಿಸಿದರು. ಆದರೆ ಒಂದು ಹೋತ ಕಾಣೆಯಾಗಿತ್ತು. ಉಳಿದ ಹೋತ ಕೂಡ್ಲಿಗಿಯವನ ಹತ್ತಿರ ಇತ್ತು. ಅದು ನಮ್ಮದು, ಇವನು ಕದ್ದಿದ್ದಾನೆ ಎಂದು ಯಜಮಾನ ಹಿರಿಯರನ್ನು ಕೂಡಿಸಿದ.

ಗಂಟೆ ಮಾಡಿದವರು ಬರಬೇಕೆಂದು ನಮಗೂ ಹೇಳಿಕಳಿಸಿದರು. ಅಣ್ಣ ಬೈಕು ತೆಗೆಯುವಾಗ ಅವ್ವ ನನ್ನನ್ನು ಕರೆದಳು. “ನೀನೂ ಹೋಗು. ಇವನು ಅಲ್ಲಿ ಏನು ಹೇಳ್ತಾನ, ಕೇಳ್ಕೊಂಡು ಬಾ.”

ಕೆರೆಯಂಗಳದ ಬೇವಿನ ಮರದ ಕೆಳಗೆ ಜನ ಕೂತಿದ್ದರು. ನಡುವೆ ವಯಸ್ಸಾದ ಒಬ್ಬ ಹಿರಿಯ, ಹೆಗಲ ಮೇಲೆ ಕಂಬಳಿ. ಅವನೇ ಕೇಳಿಸುವವನು. ನನ್ನನ್ನು ಕಂಡು ಯಜಮಾನ, “ಪೇಪರಿನ ಅಕ್ಕಾರೂ ಬಂದಾರ, ಇನ್ನ ನಮ್ಮ ಹೋತದ ಫೋಟೋ ಬರ್ತೈತಿ ಬಿಡು,” ಎಂದ. ನಾಲ್ಕು ಜನ ನಕ್ಕರು. ಕೂಡ್ಲಿಗಿಯವನು ನೆಲ ನೋಡುತ್ತಾ ಕುಕ್ಕುರುಗಾಲಲ್ಲಿ ಕೂತಿದ್ದ. ಹೋತವನ್ನು ಮರಕ್ಕೆ ಕಟ್ಟಿದ್ದರು, ಕೊರಳು ಖಾಲಿ.

ಇಬ್ಬರು ಕಂಬಳಿ ಅಡ್ಡ ಹಿಡಿದರು. ಹಿಂದೆ ಐದು ಗಂಟೆಗಳು. ಒಂದು ಆ ಹೋತದ್ದು, ಉಳಿದ ನಾಲ್ಕು ಅಲ್ಲಿದ್ದ ಬೇರೆ ಹಿಂಡುಗಳವು. ಹೋತ ಯಾರ ಬಳಿ ಇದೆಯೋ ಅವನಿಗೆ ಮೊದಲು ಕೇಳಿಸಬೇಕು. ಹಿರಿಯ ಮೊದಲನೆಯದನ್ನು ಬಾರಿಸಿದ.

“ನಂದು,” ಎಂದ ಕೂಡ್ಲಿಗಿಯವನು, ಒಂದು ಕ್ಷಣವೂ ತಡೆಯದೆ.

ರೂಢಿಯಂತೆ ಎಲ್ಲವನ್ನೂ ಕೇಳಿಸಲೇಬೇಕು. ಎರಡನೆಯದನ್ನು ಬಾರಿಸಿದ.

ಅವನು ತಲೆಯೆತ್ತಿದ. “ಇದೂ ನಂದು.”

ಮೂರನೆಯದು. “ಇದೂ… ನಂದ ಐತ್ರಿ.”

ನಾಲ್ಕನೆಯದು ಯಾವುದೋ ಹಳೆಯ ಗಂಟೆ, ಒಡಕು ದನಿ. “ಇದಲ್ಲ.” ಐದನೆಯದು ಬಾರಿಸಿದಾಗ ಅವನು, “ಇದೂ…” ಎಂದು ಮತ್ತೆ ನೆಲ ನೋಡಿದ.

“ಎಲ್ಲಾ ನಿಂದೇನಲೇ?” ಎಂದ ಯಜಮಾನ. “ಹಂಗಾದ್ರ ನನ್ನ ಕುರೀನೂ ಹೊಡ್ಕೊಂಡು ಹೋಗು. ಈ ಅಕ್ಕಾರ್ನೂ ಕರ್ಕೊಂಡು ಹೋಗು, ಲೆಕ್ಕ ಬರೀತಾರ.”

ಜನ ಬಿದ್ದು ಬಿದ್ದು ನಕ್ಕರು. ದನಿಗಳು ಒಂದೇ ಥರ ಕೇಳಿಸಿದರೂ, ತನ್ನದೊಂದನ್ನೇ ಆರಿಸಬೇಕೆಂಬುದು ರೂಢಿ. ಅವನ ಪಕ್ಕದಲ್ಲೇ ಕೂತಿದ್ದ ಅವನ ಜೊತೆಗಾರ ಕುರಿಗಾಹಿಯೂ ನಕ್ಕ. ನಗುತ್ತಲೇ ಒಂದು ಮೊಳ ಆಚೆ ಸರಿದು ಕೂತ. ಆ ಸರಿದದ್ದನ್ನು ನಾನು ಮರೆತಿಲ್ಲ.

ಆಮೇಲೆ ಯಜಮಾನನ ಆಳಿಗೆ ಕೇಳಿಸಿದರು. ಅವನು ಮೂರನೆಯದು ಎಂದ. ಅದು ಹೋತದ ಗಂಟೆಯೇ ಆಗಿತ್ತು. ಅವನು ಹೇಗೆ ಹೇಳಿದ ಎನ್ನುವುದು ನನಗೆ ಗೊತ್ತಿಲ್ಲ. ಅವನು ಕಂಬಳಿಯ ಅಂಚಿನ ಹತ್ತಿರ ಕೂತಿದ್ದ, ಗಾಳಿ ಬೀಸುತ್ತಿತ್ತು. ನಾನು ಕಂಡದ್ದು ಅಷ್ಟೇ.

ಹಿರಿಯ ಅಣ್ಣನ ಕಡೆ ತಿರುಗಿದ. “ನೀವು ಏನು ಹೇಳ್ತೀರಪ? ಇವು ನಿಮ್ಮ ಗಂಟೀನ ಏನು?”

“ನಾಲ್ಕು ನಮ್ಮನ್ಯಾಗ ಮಾಡಿದ್ದು, ಹೌದು.”

“ಹೋತದ ಗಂಟಿ ಯಾರಿಗೆ ಕೊಟ್ಟಿದ್ದು?”

“ಅದನ್ನ ಹೇಳಾಕ ಬರಂಗಿಲ್ರಿ. ಭಾಳ ಮಂದಿ ಒಯ್ದಾರ.”

ಇಷ್ಟೇ ಅವನ ಮಾತು. ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಸುದ್ದಿಮನೆಯಲ್ಲಿ ಇಂಥ ಹೇಳಿಕೆಗಳನ್ನು ದಿನಾ ಬರೆದುಕೊಂಡಿದ್ದೇನೆ. ಕೇಳಿದಷ್ಟಕ್ಕೆ ಸರಿಯಾದ ಉತ್ತರ ಕೊಟ್ಟು, ಕೇಳದೆ ಉಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೈ ತೊಳೆಯುವ ಹೇಳಿಕೆ. ತಾಲೂಕು ಕಚೇರಿಯವರು ಹಾಗೆ ಮಾತಾಡಿದಾಗ ನನಗೆ ಬೇಸರವಾಗುತ್ತಿತ್ತು. ನನ್ನ ಅಣ್ಣ, ನಮ್ಮ ಪಡಸಾಲೆಯಲ್ಲಿ ಕೂತು ಕೂದಲೆಳೆ ವ್ಯತ್ಯಾಸ ಬರುವುದಿಲ್ಲವೆಂದು ಮಾತು ಕೊಟ್ಟವನು, ಆ ಮನುಷ್ಯನನ್ನು ಐದಡಿ ದೂರದಲ್ಲಿ ಇಟ್ಟುಕೊಂಡು ಹಾಗೆ ಮಾತಾಡಿದಾಗ ನಾನು ಎದ್ದು ನಿಂತೆ. ಮಾರಾಟ ನಿಲ್ಲಬಾರದು, ಅದಕ್ಕಾಗಿ ಒಬ್ಬನು ಕಳ್ಳನೆನಿಸಿಕೊಂಡರೂ ಅಡ್ಡಿಯಿಲ್ಲ ಎಂದು ಅವನು ತೀರ್ಮಾನಿಸಿದ್ದ.

“ಅವನು ಹೇಳಿದ್ದು ಖರೇ ಐತ್ರಿ,” ಎಂದೆ. “ನಾಲ್ಕೂ ಅವನವ.”

ಎಲ್ಲರೂ ನನ್ನ ಕಡೆ ನೋಡಿದರು. “ತಂಗಿ, ನೀ ಸುಮ್ಮನಿರು,” ಎಂದ ಅಣ್ಣ, ಮೆಲ್ಲಗೆ.

“ಹೆಣ್ಣುಮಕ್ಕಳಿಗೆ ಕುರಿ ಸುದ್ದಿ ಯಾಕ?” ಎಂದ ಯಜಮಾನ.

“ಕುರಿ ಸುದ್ದಿ ಅಲ್ರಿ, ಮೇಣದ ಸುದ್ದಿ. ಅದು ನಮ್ಮನಿ ಹೆಣ್ಣುಮಕ್ಕಳ ಕೆಲಸ.” ಹಿರಿಯನ ಕಡೆ ತಿರುಗಿದೆ. “ನಾಲ್ಕೂ ಗಂಟಿ ಒಳಗ, ಬಾಯಂಚಿಗೆ ಹೆಬ್ಬಟ್ಟು ಹಾಕಿ ನೋಡ್ರಿ. ಓರಿ ಗುಳಿ ಐತೇನು?”

ಅವನು ಒಂದರೊಳಗೆ ಬೆರಳಿಟ್ಟ. ಸುತ್ತ ತಿರುಗಿಸಿದ. ನಿಂತ. ಇನ್ನೊಂದನ್ನು ಎತ್ತಿಕೊಂಡ. ಮತ್ತೊಂದನ್ನು. ನಮ್ಮ ನಾಲ್ಕರಲ್ಲಿ ಕೊನೆಯದಕ್ಕೆ ಬರುವ ಹೊತ್ತಿಗೆ ನಗು ನಿಂತಿತ್ತು.

“ಎಲ್ಲಾದ್ರಾಗೂ ಒಂದ ಜಾಗದಾಗ ಐತಿ,” ಎಂದ. “ಒಂದ ಬೆರಳು.”

“ನಮ್ಮವ್ವನ ಬೆರಳು. ಇವನ ಅಪ್ಪನ ಗಂಟಿಗೆ ಒತ್ತಿದ್ದು. ನಮ್ಮಣ್ಣ ಆ ಗಂಟಿ ಅಚ್ಚು ತಗದು ಎಲ್ಲಾರಿಗೂ ಅದನ್ನ ಮಾಡಿ ಕೊಟ್ಟಾನ. ನೀವು ಬಾರಿಸಿದ್ದೆಲ್ಲ ಇವನ ಗಂಟೀನ. ಇವನು ಇನ್ನೇನು ಹೇಳ್ಬೇಕಿತ್ತು?”

ಹಿಂದಿನಿಂದ ಯಾರೋ, “ಹಂಗಾದ್ರ ನನ್ನ ಹೋತದ ಕೊಳ್ಳಾಗಿರೋದೂ ಇವನ ಗಂಟಿ ಏನು?” ಎಂದರು. ಹೌದು ಎಂದೆ. ಅವರು ಸಂತೆಯಲ್ಲಿ ಕೊಂಡದ್ದು, ಅವರ ತಪ್ಪಿರಲಿಲ್ಲ.

ಹಿರಿಯ ಅಣ್ಣನನ್ನು ಕೇಳಿದ. “ಈ ಅಕ್ಕ ಹೇಳೋದು ಖರೇನಪ?”

ಅಣ್ಣ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. “ಚಲೋ ದನಿ ಇತ್ರಿ. ಎಲ್ಲಾರಿಗೂ ಸಿಗ್ಲಿ ಅಂತ ಮಾಡ್ದೆ.”

“ಆಗ್ಲೇ ಕೇಳಿದಾಗ ಯಾಕ ಹೇಳ್ಲಿಲ್ಲ?”

ಅಣ್ಣ ಕರವಸ್ತ್ರ ಮಡಚಿ ಜೇಬಿಗಿಟ್ಟ.

ಹಿರಿಯರು ಒಂದಿಷ್ಟು ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೂಡ್ಲಿಗಿಯವನು ಕಳ್ಳನಲ್ಲ, ಹೋತ ಸಿಕ್ಕವನ ಹತ್ತಿರವೇ ಇರಲಿ, ಯಜಮಾನನ ಆಳು ಹೇಳಿದ್ದೂ ಲೆಕ್ಕಕ್ಕಿಲ್ಲ ಎಂದರು. ಯಜಮಾನ ಗೊಣಗುತ್ತಾ ಎದ್ದು ಹೋದ. ಆಮೇಲೆ ಹಿರಿಯ ಕಂಬಳಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು, “ಇನ್ನ ಗಂಟಿ ಕೇಳ್ಸೋದು ಬ್ಯಾಡ. ಅದು ಮುಗೀತು,” ಎಂದ. ನನಗೆ ತಿಳಿದಮಟ್ಟಿಗೆ ಆ ಸೀಮೆಯಲ್ಲಿ ಮತ್ತೆ ಯಾರೂ ಗಂಟೆ ಕೇಳಿಸಿಲ್ಲ. ಎಷ್ಟೋ ತಲೆಮಾರು ಜಗಳ ಬಿಡಿಸಿದ ಒಂದು ಪದ್ಧತಿಯನ್ನು ನಮ್ಮ ಹಿತ್ತಲಿನ ಒಂದು ರಬ್ಬರ್ ತುಂಡು ಮುಗಿಸಿತು.

ಸರಿದು ಕೂತಿದ್ದ ಜೊತೆಗಾರ ಮತ್ತೆ ಹತ್ತಿರ ಬಂದು ಬೀಡಿ ಚಾಚಿದ. ಕೂಡ್ಲಿಗಿಯವನು ತೆಗೆದುಕೊಳ್ಳಲಿಲ್ಲ. ಹೋತವನ್ನು ಬಿಚ್ಚಿ, ಅದರ ಗಂಟೆಯನ್ನು ಹಿರಿಯನ ಕೈಯಿಂದ ತೆಗೆದುಕೊಂಡು ನೇರ ಅಣ್ಣನ ಹತ್ತಿರ ಬಂದ. ಬೈಯುತ್ತಾನೆಂದು ನಾನು ಕಾದೆ.

“ಇದನ್ನ ನೀವ ಇಟ್ಕೋರಿ,” ಎಂದು ಗಂಟೆಯನ್ನು ಬೈಕಿನ ಸೀಟಿನ ಮೇಲಿಟ್ಟ. “ಕುರಿ ಎಲ್ಲಾರ ಹಿಂದ ಓಡ್ತಾವ. ಅವಕ್ಕೇನು ಗೊತ್ತು. ನನ್ನ ಅಪ್ಪನ ಗಂಟಿ ಕೊಡ್ರಿ, ಒಡಕಾದ್ರೂ ಅಡ್ಡಿ ಇಲ್ಲ.”

“ಅದು ಈಗ ಇಲ್ರಿ, ಕರಗಿಸೀನಿ,” ಎಂದ ಅಣ್ಣ. ಆಗ ನನಗೆ ತಿಳಿಯಿತು. ಹಳೆ ಗಂಟೆಯನ್ನು ಅವನು ಯಾವುದೋ ಎರಕಕ್ಕೆ ಕಂಚು ಸಾಲದೆ ಬಂದಾಗ ಮೂಸೆಗೆ ಹಾಕಿಬಿಟ್ಟಿದ್ದ. ಅದು ಯಾವ ಸಂತೆಯ ಯಾವ ಗಂಟೆಗಳಲ್ಲಿ ಸೇರಿಹೋಯಿತೋ ಅವನಿಗೂ ನೆನಪಿರಲಿಲ್ಲ.

ಮನೆ ಮುಂದೆ ಬೈಕು ನಿಲ್ಲಿಸಿ ಅಣ್ಣ ಹೇಳಿದ. “ಮಂದಿ ಮುಂದ ಮರ್ಯಾದಿ ತಗದಿ.”

“ಯಾರದು?” ಎಂದೆ.

ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿದೆ. ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಮೂಸೆಗೆ ಹಾಕಿದ ಮಾತು ಬಂದಾಗ ಅವ್ವ ಎದ್ದು ಅಟ್ಟದಿಂದ ಹಳೆಯ ಮರದ ಬುರುಡೆ ಇಳಿಸಿದಳು. ಅಚ್ಚು ಹಾಳು ಮಾಡು ಎಂದು ಅಣ್ಣನಿಗೆ ಹೇಳಿದಳು. ಆರ್ಡರ್ ಮುಗಿಸಿ ಮಾಡುತ್ತೇನೆ ಎಂದ. ಅವ್ವ ಮಾರನೆಯ ದಿನದಿಂದ ಪಡಸಾಲೆಯಲ್ಲಿ ಮೇಣ ಕಾಸಲು ಕೂತಳು. ಮಣ್ಣನ್ನು ನಾನು ಮೆತ್ತಿದೆ, ಎರಕವನ್ನು ಊರಿನ ಬೇರೆ ಕುಲುಮೆಯಲ್ಲಿ ಹೊಯ್ಯಿಸಿದೆವು. ಅವಳ ಬೆರಳು ಮೊದಲಿನಷ್ಟು ಗಟ್ಟಿಯಿರಲಿಲ್ಲ. ಎರಡು ಗಂಟೆ ಕೆಟ್ಟವು.

ಕೂಡ್ಲಿಗಿಯವನಿಗೆ ಹೇಳಿಕಳಿಸಿದೆವು. ಬಂದು ಪಡಸಾಲೆಯ ಕಟ್ಟೆಯ ಮೇಲೆ ಕೂತ, ನೀರು ಕುಡಿದ. ಅವ್ವ ಗಂಟೆ ಕೊಟ್ಟಳು. ಅವನು ಮೊದಲು ಒಳಗೆ ಬೆರಳಿಟ್ಟ. ಗುಳಿ ಈ ಸಲ ಬೇರೆ ಕಡೆ ಇತ್ತು, ದೊಡ್ಡದಾಗಿ, ಸ್ವಲ್ಪ ವಕ್ರವಾಗಿ. ಕಿವಿಯ ಹತ್ತಿರ ಹಿಡಿದು ಬಾರಿಸಿದ. ದಪ್ಪ ದನಿ, ಬೇಗ ಆರುವಂಥದ್ದು. ಹಳೆಯದರ ಹತ್ತಿರಕ್ಕೂ ಬರುವುದಿಲ್ಲ ಎಂದು ನನಗೂ ಗೊತ್ತಾಯಿತು.

“ಹೆಂಗೈತಪ್ಪ?” ಎಂದಳು ಅವ್ವ.

“ಇದು ನಂದಲ್ಲ ಯವ್ವ.”

ಅವನು ಮತ್ತೊಮ್ಮೆ ಬಾರಿಸಿದ.

“ಆದ್ರ ಯಾರ್ದೂ ಅಲ್ಲ,” ಎಂದ. “ಕೊಡು, ಒಯ್ತೀನಿ. ಕುರಿಗೆ ಕಲಿಸ್ಬೇಕು.”

ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ, ದಾರಿಯಲ್ಲಿ ಸದ್ದಾಗದಂತೆ ಮಾಡಿ, ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದ. ಅಣ್ಣನನ್ನು ಕೇಳಲಿಲ್ಲ. ಅಣ್ಣ ಹಿತ್ತಲಿನಲ್ಲಿದ್ದ. ಹಗರಿಬೊಮ್ಮನಹಳ್ಳಿ ಸಂತೆ ಹತ್ತಿರ ಬಂದಿತ್ತು, ಅವನು ಮೇಣದ ಕಾಂಡಕ್ಕೆ ಅದೇ ಗಂಟೆಗಳನ್ನು ಒಂದೊಂದಾಗಿ ಅಂಟಿಸುತ್ತಾ ಕೂತಿದ್ದ.